ಆಟ, ಪುಸ್ತಕ, ಸಿನಿಮಾ: ಹೈಸ್ಕೂಲು ಮಕ್ಕಳಿಗೆ ವಿಮರ್ಶೆ ಬರೆಯಲು ಕಲಿಸುವ ಬಗೆ

ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಪುಸ್ತಕ ಕೊಟ್ಟು "ವಿಮರ್ಶೆ ಬರೆದುಕೊಂಡು ಬನ್ನಿ" ಎಂದರೆ ಬಹುಪಾಲು ಹಾಳೆಗಳು ಒಂದೇ ಅಚ್ಚಿನಲ್ಲಿ ವಾಪಸ್ ಬರುತ್ತವೆ. ಮೊದಲಿಗೆ "ಪುಸ್ತಕಗಳು ಮನುಷ್ಯನ ನಿಜವಾದ ಮಿತ್ರರು" ಎಂಬ ಪೀಠಿಕೆ, ಆಮೇಲೆ ಇಡೀ ಕಥೆ, ಕೊನೆಗೆ "ಎಲ್ಲರೂ ಓದಲೇಬೇಕಾದ ಪುಸ್ತಕ" ಎಂಬ ಉಪಸಂಹಾರ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಪ್ರಬಂಧ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಅವರಿಗೆ ಹೇಳಿಕೊಟ್ಟಿರುತ್ತಾರೆ. ಪ್ರತಿ ಪಾಠ ಮುಗಿದಾಗಲೂ ಸಾರಾಂಶ ಬರೆಸಿರುತ್ತಾರೆ. ಕಲಿತದ್ದನ್ನೇ ಅವರು ಬರೆದಿದ್ದಾರೆ, ಅಷ್ಟೆ. ವಿಮರ್ಶೆಗೆ ಬೇಕಾದ ಅಭ್ಯಾಸ ಬೇರೆ: ಹೇಳಿದ ಪ್ರತಿ ಮಾತಿಗೂ ಕೃತಿಯೊಳಗಿನ ಒಂದು ಜಾಗವನ್ನು ಬೆರಳಿಟ್ಟು ತೋರಿಸುವುದು. "ಬೋರು" ಎಂದರೆ ಎಲ್ಲಿ? "ಸೂಪರ್" ಎಂದರೆ ಎಲ್ಲಿ? ಮುಂದೆ ಬರುವ ಹಂತಗಳೆಲ್ಲ ಈ ಒಂದು ಅಭ್ಯಾಸ ಕೈಗೆ ಹತ್ತಿಸುವುದಕ್ಕೆ.

ಮೈಸೂರು, ಮಂಡ್ಯ ಕಡೆಯ ಶಾಲೆಗಳ 40 ಮಕ್ಕಳ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ವಾರಕ್ಕೆ ಎರಡರಂತೆ 40 ನಿಮಿಷದ 12 ಪೀರಿಯಡ್ ಬೇಕು: ಆಟಕ್ಕೆ ನಾಲ್ಕು, ಪುಸ್ತಕಕ್ಕೆ ನಾಲ್ಕು, ಸಿನಿಮಾಕ್ಕೆ ಮೂರು, ಕೊನೆಯ ಓದಿಗೆ ಒಂದು. ಅಷ್ಟು ಬಿಡುವಿಲ್ಲದಿದ್ದರೆ ಸಿನಿಮಾವನ್ನು ಮುಂದಿನ ಸೆಮಿಸ್ಟರಿಗೆ ತಳ್ಳಿ. ಆಟದ ಭಾಗವನ್ನು ಮಾತ್ರ ಮೊಟಕು ಮಾಡಬೇಡಿ.

ಯಾಕೆ ಆಟದಿಂದಲೇ ಶುರು

ಹೆಚ್ಚಿನವರು ಸಿನಿಮಾದಿಂದ ಶುರು ಮಾಡುತ್ತಾರೆ, ಮಕ್ಕಳಿಗೆ ಇಷ್ಟ ಎಂಬ ಕಾರಣಕ್ಕೆ. ಆದರೆ ಸಿನಿಮಾದ ಬಗ್ಗೆ ಆಡಬೇಕಾದ ಮಾತು ಮಕ್ಕಳ ಬಾಯಲ್ಲಿ ಮೊದಲೇ ತಯಾರಾಗಿರುತ್ತದೆ. ಟೀಸರು, ಕಟೌಟು, ಹೀರೋ ಅಭಿಮಾನ, ಪತ್ರಿಕೆಯ ನಕ್ಷತ್ರಗಳು ಎಲ್ಲ ಸೇರಿ ಅವರ ಬದಲು ಮಾತಾಡಿಬಿಡುತ್ತವೆ. ಪುಸ್ತಕದಲ್ಲಿ ಇನ್ನೊಂದು ತೊಡಕು: ಓದಿನ ವೇಗ ಒಬ್ಬೊಬ್ಬರದು ಒಂದೊಂದು, ಎಲ್ಲರೂ ಮುಗಿಸುವುದನ್ನು ಕಾಯಬೇಕು.

ಮಣೆಯಾಟಕ್ಕೆ ಈ ತೊಂದರೆ ಇಲ್ಲ. ಒಂದೇ ಪೀರಿಯಡ್ಡಿನಲ್ಲಿ ಎಲ್ಲರೂ ಆಡಿ ಮುಗಿಸಬಹುದು. ನಿಯಮಗಳು ಕಣ್ಣೆದುರಿಗಿರುತ್ತವೆ. "ನ್ಯಾಯವಾದ ಆಟ", "ಬರೀ ಅದೃಷ್ಟ", "ಕೊನೆಯಲ್ಲಿ ಎಳೆಯುತ್ತದೆ" ಎಂಬ ಮಾತು ಸರಿಯೋ ತಪ್ಪೋ ಎಂದು ಅಲ್ಲೇ ಆಡಿ ನೋಡಬಹುದು. ಮೇಲಾಗಿ ಈ ಸೀಮೆಗೆ ಮಣೆಯಾಟ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಮಣೆಯಾಟಗಳನ್ನೂ ಗಂಜೀಫಾ ಎಂಬ ಎಲೆಯಾಟಗಳನ್ನೂ ರೂಪಿಸಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಇಂಥ ಆಟಗಳ ಪ್ರದರ್ಶನ ನಡೆಸುತ್ತ ಬಂದಿದೆ. ಪ್ರದರ್ಶನ ನಡೆಯುವ ಸಮಯದಲ್ಲಿ ಮಕ್ಕಳನ್ನು ಕರೆದೊಯ್ದರೆ ಒಂದೇ ಆಟಕ್ಕೆ ಎಷ್ಟು ಬಗೆಯ ಮಣೆಗಳಿವೆ ಎಂಬುದು ಅವರಿಗೆ ಕಾಣುತ್ತದೆ.

ಹಂತ 1: ಚೌಕಾಬಾರ ಆಡಿಸಿ, ಬರೆದಿಟ್ಟುಕೊಳ್ಳಿ

ಐದೈದು ಮಕ್ಕಳ ಎಂಟು ಗುಂಪು ಮಾಡಿ. ನಾಲ್ವರು ಆಡಬೇಕು, ಐದನೆಯವರು ಬರೆದುಕೊಳ್ಳಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು ಐದು ಕಂಬದ ಮನೆ ಬರೆಸಿ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಹಾಕಿದರೆ ಕಟ್ಟೆಮನೆಗಳಾದವು, ಅಲ್ಲಿರುವ ಕಾಯಿಯನ್ನು ಕಡಿಯುವಂತಿಲ್ಲ. ಗುಂಪಿಗೆ ನಾಲ್ಕರಂತೆ 32 ಕವಡೆ ಬೇಕು. ಯಾವುದೇ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಸಿಗದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಬೆಳ್ಳಗಾಗುವವರೆಗೆ ತೇಯ್ದು ಬಳಸಿ. ಕಾಯಿಗೆ ಬಳೆಚೂರು, ಗುಂಡಿ, ಸಣ್ಣ ಕಲ್ಲು ಏನಾದರೂ ನಡೆಯುತ್ತದೆ. ತಲೆಗೆ ನಾಲ್ಕು ಕಾಯಿ ಇಟ್ಟರೆ ಪೀರಿಯಡ್ ಸಾಲುವುದಿಲ್ಲ, ಎರಡೇ ಇಡಿ.

ಆಟ ಶುರುವಾಗುವ ಮೊದಲು ನಿಯಮಗಳನ್ನು ಬೋರ್ಡಿನ ಮೇಲೆ ಬರೆಸಿ. ಹೊರಸುತ್ತಿನ 16 ಮನೆ ಗಡಿಯಾರದ ಮುಳ್ಳಿಗೆ ಎದುರಾಗಿ, ಆಮೇಲೆ ಒಳಸುತ್ತಿನ 8 ಮನೆ ಮುಳ್ಳಿನ ದಿಕ್ಕಿಗೆ, ಆಮೇಲೆ ಮಧ್ಯದ ಮನೆ ಸೇರಿ ಹಣ್ಣು. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಮಗುಚಿದರೆ ಬಾರ, ಎಂಟು ಮನೆ. ಚೌಕ, ಬಾರ ಬಿದ್ದಾಗಲೂ ಎದುರಾಳಿಯ ಕಾಯಿ ಕಡಿದಾಗಲೂ (ಅದಿರುವ ಮನೆಗೆ ನಮ್ಮ ಕಾಯಿ ಬಂದು ಅದನ್ನು ಹೊರಹಾಕಿದಾಗ) ಇನ್ನೊಂದು ಸಲ ಕವಡೆ ಹಾಕುವ ಅವಕಾಶ. ಇಲ್ಲಿ ಮಕ್ಕಳು ಜಗಳಕ್ಕೆ ನಿಲ್ಲುವುದು ಗ್ಯಾರಂಟಿ. ಒಬ್ಬರ ಮನೆಯಲ್ಲಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಇನ್ನೊಬ್ಬರ ಮನೆಯಲ್ಲಿ ಹಾಗೇನಿಲ್ಲ. ಒಂದೂರಲ್ಲಿ ಎರಡು ಕಾಯಿ ಒಂದೇ ಮನೆಯಲ್ಲಿದ್ದರೆ ಗಟ್ಟಿ, ಇನ್ನೊಂದೂರಲ್ಲಿ ಅದನ್ನೂ ಕಡಿಯಬಹುದು. ಈ ಜಗಳವನ್ನು ನಿಲ್ಲಿಸಬೇಡಿ. ನಾಲ್ಕು ಗುಂಪಿಗೆ "ಕಡಿದರೆ ಮಾತ್ರ ಒಳಗೆ" ಎಂಬ ನಿಯಮ ಕೊಡಿ, ಇನ್ನು ನಾಲ್ಕಕ್ಕೆ ಆ ನಿಯಮ ಬೇಡ. ಒಂದು ನಿಯಮ ಬದಲಾದರೆ ಆಟ ಹೇಗೆ ಬದಲಾಗುತ್ತದೆ ಎಂಬುದೇ ಮುಂದೆ ವಿಮರ್ಶೆಯ ವಸ್ತುವಾಗುತ್ತದೆ.

ಬರೆದುಕೊಳ್ಳುವವರ ಹಾಳೆಯಲ್ಲಿ ನಾಲ್ಕೇ ಕಲಂ ಇರಲಿ: ಎಷ್ಟನೆಯ ಸರದಿ, ಬಿದ್ದ ಗರ (ಕವಡೆಯಲ್ಲಿ ಬಂದ ಸಂಖ್ಯೆ), ಏನಾಯಿತು, ಆಡುವವರು ಏನಂದರು. ಕೊನೆಯ ಕಲಂ ಮುಖ್ಯ. ಆಡುವವರ ಮಾತನ್ನು ಅವರು ಆಡಿದ ಹಾಗೇ ಬರೆಯಬೇಕು. "ಬರೀ ಎರಡೇ ಬೀಳ್ತಾ ಅವೆ ಕಣ್ಲಾ, ಬಾರ ಬೀಳಕಿಲ್ಲ" ಎಂದು ಹುಡುಗ ಅಂದರೆ ಹಾಗೇ ಬರಲಿ. ಗ್ರಾಂಥಿಕಕ್ಕೆ ತಿದ್ದಿ "ಈ ಆಟದಲ್ಲಿ ಅದೃಷ್ಟದ ಪಾತ್ರ ಹಿರಿದು" ಎಂದು ಬರೆದರೆ ಅವನು ಕಂಡದ್ದು ಕೈಬಿಟ್ಟುಹೋಗುತ್ತದೆ. ಎರಡು ಬಿದ್ದದ್ದನ್ನು ಅವನು ಕಣ್ಣಾರೆ ನೋಡಿದ್ದಾನೆ. ವಿಮರ್ಶೆ ಹುಟ್ಟುವುದು ಆ ನೋಟದಿಂದ.

ಹಂತ 2: ಆಡಿದ ಮಾತನ್ನು ಪರೀಕ್ಷೆಗೆ ಒಡ್ಡಿ

ಎರಡನೆಯ ಪೀರಿಯಡ್ಡಿನಲ್ಲಿ ಎಂಟೂ ಹಾಳೆಗಳಿಂದ ಒಂದೊಂದು ಮಾತು ಆರಿಸಿ ಬೋರ್ಡಿನ ಮೇಲೆ ಬರೆಯಿರಿ. "ಬಾರ ಬೀಳಕಿಲ್ಲ" ಎಂಬ ಮಾತನ್ನು ಬಿಡಬೇಡಿ, ಯಾಕೆಂದರೆ ಅದನ್ನು ಎಣಿಸಿ ನೋಡಬಹುದು.

ಪ್ರತಿ ಗುಂಪೂ 48 ಸಲ ಕವಡೆ ಹಾಕಿ ಗೆರೆ ಎಳೆದು ಎಣಿಸಲಿ. ಕವಡೆಯ ಎರಡೂ ಮಗ್ಗುಲು ಸರಿಸಮವಾಗಿ ಬೀಳುವುದಾದರೆ 48ರಲ್ಲಿ ಎರಡು ಸುಮಾರು 18 ಸಲ, ಒಂದು 12 ಸಲ, ಮೂರು 12 ಸಲ, ಚೌಕ 3, ಬಾರ 3 ಬೀಳಬೇಕು. ನಾಲ್ಕು ಕವಡೆ ಬೀಳುವ ಬಗೆಗಳು ಒಟ್ಟು 16. ಅದರಲ್ಲಿ ಎರಡು ಬಾಯಿ ಮೇಲಾಗುವ ಬಗೆಗಳೇ ಆರು. ಲೆಕ್ಕದ ಮೇಷ್ಟ್ರನ್ನು ಹತ್ತು ನಿಮಿಷ ಕರೆದರೆ ಇನ್ನೂ ಒಳ್ಳೆಯದು. ನಿಜವಾದ ಕವಡೆಯಲ್ಲಿ ಈ ಸಂಖ್ಯೆಗಳು ಬರುವುದಿಲ್ಲ. ಬೆನ್ನು ಉಬ್ಬಿ ಬಾಯಿ ಚಪ್ಪಟೆಯಾಗಿರುವುದರಿಂದ ಒಂದು ಕಡೆಗೆ ವಾಲುತ್ತದೆ. ತೇಯ್ದ ಹುಣಸೆ ಬೀಜದ್ದು ಇನ್ನೊಂದು ರೀತಿ. ಹಾಗಾಗಿ ಒಂದೊಂದು ಗುಂಪಿಗೂ ಒಂದೊಂದು ಲೆಕ್ಕ ಬರುತ್ತದೆ, ಬರಲಿ. ಪೀರಿಯಡ್ ಮುಗಿಯುವಷ್ಟರಲ್ಲಿ "ಬಾರ ಬೀಳಕಿಲ್ಲ" ಎಂದಿದ್ದ ಹುಡುಗ "ನಮ್ಮ ಕವಡೆಯಲ್ಲಿ 48 ಸಲಕ್ಕೆ ಬಾರ ಎರಡೇ ಸಲ ಬಿತ್ತು, ಅದಕ್ಕೇ ಎಂಟು ಮನೆ ಕೊಟ್ಟಿದ್ದಾರೆ" ಎಂದು ಬರೆಯುವ ಸ್ಥಿತಿಗೆ ಬಂದಿರುತ್ತಾನೆ.

ಎಣಿಸಲು ಬಾರದ ಮಾತುಗಳಿಗೆ ಮೂರು ಪ್ರಶ್ನೆ: ಎಲ್ಲಿ? ಆಗ ಏನಾಯಿತು? ಅದರಿಂದ ನಿನಗೆ ಏನನ್ನಿಸಿತು? ಈ ಮೂರನ್ನೂ ಬೋರ್ಡಿನ ಮೂಲೆಯಲ್ಲಿ ಬರೆದು 12 ಪೀರಿಯಡ್ಡೂ ಅಳಿಸದೆ ಬಿಡಿ. ಕ್ರಮ ತಪ್ಪಿಸಬೇಡಿ. "ಏನನ್ನಿಸಿತು" ಎಂಬುದನ್ನು ಮೊದಲು ಕೇಳಿದರೆ "ಚೆನ್ನಾಗಿತ್ತು ಮಿಸ್" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಹಂತ 3: ಮೊದಲ ವಿಮರ್ಶೆ, ಅರ್ಧ ಪುಟ ಮಾತ್ರ

ಮೂರನೆಯ ಪೀರಿಯಡ್ಡಿನಲ್ಲಿ ತರಗತಿಯಲ್ಲೇ ಬರೆಸಿ, ಮನೆಗೆ ಕೊಡಬೇಡಿ. 100 ಪದ ಸಾಕು. ಮೂರು ಭಾಗ: ಈ ಆಟ ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗೆ ಎರಡು ವಾಕ್ಯ, ಆಟದ ಒಂದು ಒಳ್ಳೆಯ ಅಂಶ ಮತ್ತು ಅದಕ್ಕೆ ಆಧಾರ, ಒಂದು ಕೊರತೆ ಮತ್ತು ಅದಕ್ಕೆ ಆಧಾರ. ಪೀಠಿಕೆ, ಉಪಸಂಹಾರ ಎರಡೂ ಬೇಡ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವು ಬಂದೇ ಬರುತ್ತವೆ.

ಹೇಳಿದರೂ ಮೊದಲ ಕರಡು ಹೆಚ್ಚುಕಮ್ಮಿ ಹೀಗಿರುತ್ತದೆ:

"ಚೌಕಾಬಾರ ನಮ್ಮ ಪೂರ್ವಜರ ಆಟ. ಇದು ನಮ್ಮ ಸಂಸ್ಕೃತಿಯ ಪ್ರತೀಕವಾಗಿದೆ. ಇದನ್ನು ಆಡುವುದರಿಂದ ಬುದ್ಧಿ ಚುರುಕಾಗುತ್ತದೆ. ಇಂದಿನ ಮಕ್ಕಳು ಮೊಬೈಲ್ ಬಿಟ್ಟು ಇಂಥ ಆಟ ಆಡಬೇಕು."

ಇದರಲ್ಲಿ ಸುಳ್ಳೇನಿಲ್ಲ, ಆದರೆ ಆಟ ಆಡದೇ ಇದ್ದವರೂ ಇದನ್ನು ಬರೆಯಬಹುದಿತ್ತು. ಮಗುವಿಗೆ ಹೇಳಬೇಕಾದ್ದೂ ಇಷ್ಟೇ: "ನೀನು ಆಡಿದ್ದೀಯ ಅಂತ ಗೊತ್ತಾಗುವ ಒಂದು ವಾಕ್ಯ ತೋರಿಸಪ್ಪ." ತೋರಿಸಲಾಗದಿದ್ದರೆ ಗುಂಪಿನ ಹಾಳೆ ಕೈಗೆ ಕೊಟ್ಟು ಮತ್ತೆ ಬರೆಸಿ. ಎರಡನೆಯ ಕರಡು ಈ ಥರ ಆಗಬೇಕು:

"ಯಾರದಾದರೂ ಕಾಯಿ ಕಡಿದವರು ಮಾತ್ರ ಒಳಸುತ್ತಿಗೆ ಹೋಗಬೇಕು ಎಂಬ ನಿಯಮದಲ್ಲಿ ಆಡಿದೆವು. ಇದರಿಂದ ಕಟ್ಟೆಮನೆಯಲ್ಲಿ ಸುಮ್ಮನೆ ಕೂತವರು ಗೆಲ್ಲಲು ಆಗುವುದಿಲ್ಲ, ಹೊರಗೆ ಬರಲೇಬೇಕು. ಆ ಭಯ ಇರುವುದರಿಂದ ಆಟ ಕೊನೆವರೆಗೂ ಬಿಸಿಯಾಗಿರುತ್ತದೆ. ಆದರೆ ಹಣ್ಣಾಗಲು ಒಂದೇ ಮನೆ ಬಾಕಿ ಇದ್ದ ನನ್ನ ಕಾಯಿ, ಒಂದು ಬೀಳದೆ ಏಳು ಸರದಿ ಅಲ್ಲೇ ನಿಂತಿತ್ತು. ಅಷ್ಟು ಹೊತ್ತು ಮಾಡಲು ನನಗೆ ಬೇರೇನೂ ಕೆಲಸ ಇರಲಿಲ್ಲ."

ಕೊನೆಯ ವಾಕ್ಯ ಗಮನಿಸಿ. "ಬೋರು" ಎಂಬ ಪದವಿಲ್ಲದೆ ಬೇಸರದ ಕಾರಣ ಬಂದಿದೆ. ಈ ಎರಡೂ ಕರಡುಗಳನ್ನು ಅಕ್ಕಪಕ್ಕ ಬರೆದು ನಾಲ್ಕನೆಯ ಪೀರಿಯಡ್ಡಿನಲ್ಲಿ ಎಲ್ಲರಿಗೂ ತಮ್ಮ ತಮ್ಮ ಹಾಳೆಯನ್ನು ತಿದ್ದಲು ಬಿಡಿ. ಅಳಗುಳಿ ಮಣೆ, ಹುಲಿ-ಕುರಿ ಆಟಗಳ ಮೇಲೂ ಬರೆಯುವ ಆಸೆ ತೋರಿದ ಮಕ್ಕಳಿಗೆ ಅವಕಾಶ ಕೊಡಿ. ಹುಲಿ-ಕುರಿಯಲ್ಲಿ ಎರಡು ಕಡೆಯ ಬಲ ಬೇರೆ ಬೇರೆ, ಗರ ಹಾಕುವ ಮಾತೇ ಇಲ್ಲ. "ಅದೃಷ್ಟ" ಎಂದು ದೂರಿದವರು ಅದನ್ನು ಆಡಿ ಹೋಲಿಸಿ ಬರೆದರೆ ಒಳ್ಳೆಯ ವಿಮರ್ಶೆಯೇ ಆಗುತ್ತದೆ.

ಮೊಬೈಲ್ ಆಟದ ಬಗ್ಗೆ ಒಂದು ಮಾತು. ಅದನ್ನು ಪಟ್ಟಿಯಿಂದ ತೆಗೆಯಬೇಡಿ, ಮಕ್ಕಳು ಬಲ್ಲ ಆಟ ಅದೇ. ಶಾಲೆಗೆ ಫೋನ್ ತರುವಂತಿಲ್ಲವಾದ್ದರಿಂದ ಮನೆಯಲ್ಲಿ, ಹಿರಿಯರಿಗೆ ಹೇಳಿ, ಫೋನಿನಲ್ಲಿ ಆಗಲೇ ಇರುವ ಆಟವನ್ನು 20 ನಿಮಿಷ ಆಡಿ ಬರೆದುಕೊಂಡು ಬರಲಿ: ತೆರೆದ ಮೇಲೆ ಆಟ ಶುರುವಾಗಲು ಎಷ್ಟು ಹೊತ್ತು, 20 ನಿಮಿಷದಲ್ಲಿ ಜಾಹೀರಾತು ಎಷ್ಟು ಸಲ, ಸೋತ ಮೇಲೆ ಆಟ ಏನು ಕೇಳುತ್ತದೆ (ದುಡ್ಡೋ, ಜಾಹೀರಾತು ನೋಡೆಂದೋ, ಕಾಯೆಂದೋ), ನೆಟ್ ಇಲ್ಲದೆ ನಡೆಯುತ್ತದೆಯೇ, ಕನ್ನಡ ಇದೆಯೇ. "ಗ್ರಾಫಿಕ್ಸ್ ಸೂಪರ್" ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತಿದ್ದ ಹಾಳೆಗೆ ಈ ಐದು ಪ್ರಶ್ನೆಗಳು ಮೈ ತುಂಬುತ್ತವೆ. ಸೋತಾಗ ಆಟ ಏನು ಕೇಳುತ್ತದೆ ಎಂಬುದೊಂದನ್ನು ಗಮನಿಸಿದ ಮಗು ಆ ಆಟವನ್ನು ಬೇರೆ ಕಣ್ಣಿನಿಂದ ನೋಡಲು ಶುರು ಮಾಡುತ್ತದೆ. ಭಾಷಣ ಮಾಡಿ ಅದನ್ನು ಕಲಿಸಲಾಗದು.

ಹಂತ 4: ಪುಸ್ತಕ, ಚೀಟಿ ಹಿಡಿದು ಓದುವುದು

80ರಿಂದ 120 ಪುಟದ ಪುಸ್ತಕ ಆರಿಸಿ. ಶಾಲೆಯ ಗ್ರಂಥಾಲಯದಲ್ಲಿ ಸಾಕಷ್ಟು ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ, ಹತ್ತಿರದಲ್ಲೇ ಇರುತ್ತದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುವ ವ್ಯವಸ್ಥೆ ಆಯಿತು. ಒಂದೇ ಪುಸ್ತಕದ 40 ಪ್ರತಿ ಎಲ್ಲೂ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಒಂದು ಪುಸ್ತಕವನ್ನು ಕಡಿಮೆಯೆಂದರೆ ಇಬ್ಬರು ಓದುವ ಹಾಗೆ ಹಂಚಿ, ಒಬ್ಬರ ಮಾತನ್ನು ಇನ್ನೊಬ್ಬರು ಪ್ರಶ್ನಿಸುವಂತಿರಲಿ.

ಕೊಡುವ ಮೊದಲು ಪುಸ್ತಕಕ್ಕೆ ಹಳೇ ಪೇಪರಿನ ಬೈಂಡು ಹಾಕಿಸಿ. ಪುಸ್ತಕ ಕೊಳೆಯಾಗದಿರಲಿ ಎಂಬುದೊಂದು ಕಾರಣ. ಬೆನ್ನುಡಿ ಮುಚ್ಚಿಹೋಗುತ್ತದೆ ಎಂಬುದು ಮುಖ್ಯ ಕಾರಣ. ಬೆನ್ನುಡಿಯಲ್ಲಿ ದೊಡ್ಡವರು ಹೊಗಳಿ ಬರೆದದ್ದು ಕಣ್ಣಿಗೆ ಬಿದ್ದರೆ ಮಗುವಿನ ಹಾಳೆಗೂ ಅದೇ ಬರುತ್ತದೆ: "ಲೇಖಕರ ಅನುಭವದ ಮೂಸೆಯಲ್ಲಿ ಅರಳಿದ ಕೃತಿ." ಎಂಟನೆಯ ಕ್ಲಾಸಿನ ಮಗು ತಾನಾಗಿ ಹೀಗೆ ಬರೆಯುವುದಿಲ್ಲ. ಮುನ್ನುಡಿಯನ್ನೂ ಕೊನೆಗೆ ಓದಲು ಹೇಳಿ.

ಹಳೇ ನೋಟ್ ಪುಸ್ತಕದ ಹಾಳೆಗಳಿಂದ ಎರಡು ಬೆರಳಗಲದ ಚೀಟಿ ಕತ್ತರಿಸಿ ತಲೆಗೆ ಒಂಬತ್ತರಂತೆ ಕೊಡಿ, ಮೂರು ಬಗೆಗೆ ಮೂರು ಮೂರು. "ಬಿಡಲಾಗಲಿಲ್ಲ" ಎಂಬ ಚೀಟಿಯನ್ನು ನಿಲ್ಲಿಸದೆ ಓದಿಸಿಕೊಂಡ ಪುಟದಲ್ಲಿ, "ಸಿಕ್ಕಿಕೊಂಡೆ" ಎಂಬುದನ್ನು ಅರ್ಥವಾಗದ ಅಥವಾ ಎಳೆದ ಪುಟದಲ್ಲಿ, "ಕೇಳು" ಎಂಬುದನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಬೇಕೆನ್ನಿಸಿದ ಸಾಲಿನ ಹತ್ತಿರ ಇಡಬೇಕು. ಚೀಟಿಯ ಮೇಲೆ ಪುಟಸಂಖ್ಯೆ ಮತ್ತು ಒಂದೇ ವಾಕ್ಯ. ಪುಟಸಂಖ್ಯೆಯಿಲ್ಲದ ಮಾತು ವಿಮರ್ಶೆಗೆ ಸೇರುವುದಿಲ್ಲ ಎಂಬ ನಿಯಮವನ್ನು ಬಿಗಿಯಾಗಿ ಹಿಡಿಯಿರಿ. ಗ್ರಂಥಾಲಯದ ಪುಸ್ತಕಕ್ಕೆ ಪೆನ್ನು ಮುಟ್ಟಿಸಕೂಡದು, ಚೀಟಿ ಬಳಸುವುದು ಅದಕ್ಕೇ.

ಓದಲು ಎರಡು ವಾರ ಕೊಡಿ, ನಡುವೆ ಒಂದು ಪೀರಿಯಡ್ಡಿನಲ್ಲಿ ಚೀಟಿ ನೋಡಿ. "ಸಿಕ್ಕಿಕೊಂಡೆ" ಚೀಟಿ ಒಂದೂ ಇಲ್ಲ ಎಂದರೆ ಎರಡರಲ್ಲಿ ಒಂದು: ಓದಿಲ್ಲ, ಇಲ್ಲವೇ ಹೇಳಲು ಭಯ. ನಮ್ಮ ಮಕ್ಕಳಲ್ಲಿ ಎರಡನೆಯದೇ ಹೆಚ್ಚು. ಅಚ್ಚಾದದ್ದರಲ್ಲಿ, ಅದರಲ್ಲೂ ಹೆಸರಾಂತ ಹಿರಿಯರು ಬರೆದದ್ದರಲ್ಲಿ, ಕೊರತೆ ಹೇಳುವುದು ಉದ್ಧಟತನ ಎಂದು ಅವರು ನಂಬಿರುತ್ತಾರೆ. ಅವರಿಗೆ ವಾಕ್ಯದ ಒಂದು ಹಿಡಿ ಕೊಡಿ: "ಇಂಥವರಿಗೆ ಈ ಜಾಗ ಕಷ್ಟವಾಗಬಹುದು, ಯಾಕೆಂದರೆ..." ಉದಾಹರಣೆಗೆ, "ಊರ ಜಾತ್ರೆ ಗೊತ್ತಿಲ್ಲದ ಪೇಟೆಯ ಮಕ್ಕಳಿಗೆ 34ನೇ ಪುಟ ಕಷ್ಟವಾಗಬಹುದು, ಯಾಕೆಂದರೆ ಕೊಂಡ ಹಾಯುವುದು ಎಂದರೇನು ಎಂದು ಎಲ್ಲೂ ಹೇಳಿಲ್ಲ." ಇದು ಲೇಖಕರ ಮೇಲಿನ ದೂರಲ್ಲ, ಓದುಗರಿಗೆ ಸಿಗುವ ಮಾಹಿತಿ. ಮಕ್ಕಳ ಸಂಕೋಚ ಬಿಡಿಸಲು ಇಷ್ಟು ಸಾಕಾಗುತ್ತದೆ.

ಕಥೆ ಒಪ್ಪಿಸುವ ರೋಗ ಪುಸ್ತಕದಲ್ಲಿ ಜೋರು. ಅದಕ್ಕೆ ಎರಡು ಕಟ್ಟುಪಾಡು: ಕಥೆಗೆ ಐದು ವಾಕ್ಯ ಮಾತ್ರ, ಮತ್ತು 100 ಪುಟದ ಪುಸ್ತಕವಾದರೆ 25ನೇ ಪುಟದಾಚೆಗಿನ ಘಟನೆ ಹೇಳಕೂಡದು. ಕೊನೆ ಹೇಳದೆ ಪುಸ್ತಕದ ಬಗ್ಗೆ ಏನು ಬರೆಯುವುದು ಎಂದು ಮಕ್ಕಳು ತಡಕಾಡುತ್ತಾರೆ. ಆಗ ಚೀಟಿಗಳು ಕೈಗೆ ಬರುತ್ತವೆ. "ಈ ಕಥೆಯ ನೀತಿ" ಎಂಬ ಸಾಲನ್ನೂ ಬಿಡಿಸಿ. ಕೆಲವು ಕಥೆಗಳಲ್ಲಿ ನೀತಿ ಇರುವುದಿಲ್ಲ, ಹುಡುಕಿ ತುರುಕಿದರೆ ಕಥೆಗೇ ಅನ್ಯಾಯ.

ಇನ್ನು ಮಾಹಿತಿ ಸಾಲು. ಕನ್ನಡ ಪತ್ರಿಕೆಗಳ ಪುಸ್ತಕ ಪರಿಚಯದಲ್ಲಿ ಬರುವ ಹಾಗೆ ಶೀರ್ಷಿಕೆ, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಪುಟ, ಬೆಲೆ. ಇದೆಲ್ಲ ಹೊರರಟ್ಟಿನಲ್ಲಿ ಇರುವುದಿಲ್ಲ, ಸಾಮಾನ್ಯವಾಗಿ ಒಳಗಿನ ಶೀರ್ಷಿಕೆ ಪುಟದ ಹಿಂಬದಿಯಲ್ಲಿರುತ್ತದೆ. ಮಕ್ಕಳು ತಪ್ಪುವುದು ವರ್ಷದಲ್ಲಿ. ಆರನೆಯ ಮುದ್ರಣದ ವರ್ಷ ಬರೆದು ಪುಸ್ತಕ ಮೊನ್ನೆ ಮೊನ್ನೆ ಬಂದದ್ದು ಎಂದುಕೊಳ್ಳುತ್ತಾರೆ. ಮೊದಲ ಮುದ್ರಣ, ಕೈಯಲ್ಲಿರುವ ಮುದ್ರಣ ಎರಡನ್ನೂ ಬರೆಸಿ. ಅನುವಾದವಾದರೆ ಅನುವಾದಕರ ಹೆಸರು ತಪ್ಪದೆ ಬರಬೇಕು.

ಹಂತ 5: ಸಿನಿಮಾ, ಒಂದೇ ದೃಶ್ಯ ಮೂರು ಸಲ

ಇಡೀ ಸಿನಿಮಾ ತೋರಿಸುವುದು ಬೇಡ, 12 ಪೀರಿಯಡ್ಡಿನಲ್ಲಿ ಅದಕ್ಕೆ ಜಾಗವೂ ಇಲ್ಲ. 20 ನಿಮಿಷದೊಳಗಿನ ಕಿರುಚಿತ್ರ, ಅಥವಾ ಒಂದು ಚಿತ್ರದ ಮೊದಲ 15 ನಿಮಿಷ ಸಾಕು. ಸೆನ್ಸಾರ್ ಪ್ರಮಾಣಪತ್ರ ನೋಡಿ ಆರಿಸಿ. 'ಯು' ಆದರೆ ಚಿಂತೆಯಿಲ್ಲ. 'ಯು/ಎ' ಈಗ 7, 13, 16 ವರ್ಷ ಎಂದು ಮೂರಾಗಿ ಒಡೆದಿದೆ, ತರಗತಿಯ ವಯಸ್ಸಿಗೆ ಹೊಂದುವುದನ್ನು ತೆಗೆದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನು ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರ ಎದುರಿಗೆ ಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ಊರವರಿಗೆಲ್ಲ ಬಾಗಿಲು ತೆರೆದರೆ ಆ ರಿಯಾಯಿತಿ ಸಿಗುವುದಿಲ್ಲ. ಕದ್ದು ಇಳಿಸಿದ ಪ್ರತಿಯನ್ನು ಮಾತ್ರ ಶಾಲೆಯೊಳಗೆ ತರಬೇಡಿ.

ಮೂರು ನಿಮಿಷದ ಒಂದು ದೃಶ್ಯ ಆರಿಸಿ. ಮೊದಲ ಸಲ ಹಾಗೇ ತೋರಿಸಿ. ಎರಡನೆಯ ಸಲ ಸೌಂಡ್ ಪೂರ್ತಿ ಆಫ್ ಮಾಡಿ, ಶಾಟ್ (ನಡುವೆ ಕತ್ತರಿಸದೆ ಒಂದೇ ಸಮ ನಡೆಯುವ ಚಿತ್ರದ ತುಣುಕು) ಬದಲಾದಾಗಲೆಲ್ಲ ಮಕ್ಕಳು ಬೆಂಚಿಗೆ ಒಂದು ಬೆರಳು ತಟ್ಟಲಿ, ಒಬ್ಬರು ಎಣಿಸಲಿ. ಮೂರನೆಯ ಸಲ ಪರದೆ ಮುಚ್ಚಿ ಬರೀ ಶಬ್ದ ಕೇಳಿಸಿ. ತಟ್ಟುವಿಕೆ ಯಾವಾಗ ಬಿರುಸಾಯಿತು, ಯಾವಾಗ ನಿಂತೇಹೋಯಿತು ಎಂಬುದು ಇಡೀ ತರಗತಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಬರೀ ಶಬ್ದ ಕೇಳಿದಾಗ, ಅಳು ಬರಿಸಿದ್ದು ನಟನೆಯೋ ಪಿಟೀಲೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. "ಛಾಯಾಗ್ರಹಣ ಅಮೋಘ, ಸಂಗೀತ ಮನಮೋಹಕ, ಸಂಕಲನ ಚುರುಕು" ಎಂಬ ಪಟ್ಟಿಯನ್ನು ಪತ್ರಿಕೆಯಿಂದ ಎತ್ತಿ ಬರೆಯುತ್ತಿದ್ದವರು ಈ ಅಭ್ಯಾಸ ಆದ ಮೇಲೆ "ಅಮ್ಮ ಬಾಗಿಲು ತೆಗೆಯುವ ಮೊದಲು ಸಂಗೀತ ನಿಂತಿತು, ಚಿಲಕದ ಸದ್ದು ಮಾತ್ರ ಇತ್ತು" ಎಂದು ಬರೆಯುತ್ತಾರೆ.

ಅಭಿಮಾನದ ಸಮಸ್ಯೆಗೆ ಸುಲಭದ ಮದ್ದಿದೆ. ಮೊದಲ ಕರಡಿನಲ್ಲಿ ನಟನಟಿಯರ ಹೆಸರು ಬರೆಯುವಂತಿಲ್ಲ, ಪಾತ್ರದ ಹೆಸರು ಮಾತ್ರ. ಹೀರೋ ಹೆಸರು ಹೋದ ಕೂಡಲೇ "ಮಾಸ್ ಎಂಟ್ರಿ" ಮಾಯವಾಗಿ ಆ ಪಾತ್ರ ಏನು ಮಾಡಿತು, ಯಾಕೆ ಮಾಡಿತು ಎಂಬುದು ಬರುತ್ತದೆ. ಎರಡನೆಯ ಕರಡಿನಲ್ಲಿ ಹೆಸರು ಸೇರಿಸಿಕೊಳ್ಳಲಿ.

ನಮ್ಮ ಕಡೆಯ ಮಕ್ಕಳಿಗೆ ಸಿನಿಮಾ ವಿಮರ್ಶೆಯಲ್ಲಿ ಎರಡು ವಿಶೇಷ ಬಲಗಳಿವೆ. ಒಂದು ಭಾಷೆ. ಮಂಡ್ಯದ ಹಳ್ಳಿಯ ಪಾತ್ರ ಎಂದು ತೋರಿಸಿದ್ದು ನಿಜಕ್ಕೂ ಅಲ್ಲಿಯವರ ಹಾಗೆ ಮಾತಾಡುತ್ತದೆಯೇ, ಅಥವಾ ಸಾಲಿಗೊಂದು "ಕಣ್ಲಾ" ಅಂಟಿಸಿಕೊಂಡ ಬೆಂಗಳೂರಿನ ಮಾತೇ ಎಂಬುದನ್ನು ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು. "ಬತ್ತೀನಿ", "ಬರಕಿಲ್ಲ" ಎಂಬುವ ಅಜ್ಜಿ ಮುಂದಿನ ದೃಶ್ಯದಲ್ಲಿ "ಬರುವುದಿಲ್ಲ" ಎಂದರೆ ಮಳವಳ್ಳಿಯ ಹುಡುಗಿ ಥಟ್ಟನೆ ಹಿಡಿಯುತ್ತಾಳೆ. ಅದನ್ನು ಬರೆಯಲು ಹೇಳಿ, ಅದು ಗಟ್ಟಿ ಆಧಾರ.

ಇನ್ನೊಂದು ಜಾಗದ ಪರಿಚಯ. ಮೇಲುಕೋಟೆಯ ರಾಯಗೋಪುರ, ಕಲ್ಯಾಣಿ ಬಹಳಷ್ಟು ಚಿತ್ರಗಳಲ್ಲಿ ಬಂದಿವೆ. ಕಲ್ಯಾಣಿಯ ಮೆಟ್ಟಿಲಲ್ಲಿ ಶುರುವಾದ ಓಟ ಮರುಕ್ಷಣ ತೊಣ್ಣೂರು ಕೆರೆ ಏರಿಯ ಮೇಲಿದ್ದರೆ ಪಾಂಡವಪುರದ ಮಕ್ಕಳು ನಗುತ್ತಾರೆ. ಇಲ್ಲಿ ಸ್ವಲ್ಪ ನಿಂತು ಚರ್ಚಿಸಿ: ಇದು ದೋಷವೇ? ಕಾಲ್ಪನಿಕ ಊರಿನ ಕಥೆಯಾದರೆ ಜಾಗ ಜೋಡಿಸುವುದು ಸಿನಿಮಾದ ಹಕ್ಕು. ಆ ಚಿತ್ರ "ಇದು ಮೇಲುಕೋಟೆ" ಎಂದೇ ಹೇಳಿ, ದೂರದ ಮೇಲೆ ಕಥೆ ನಿಂತಿದ್ದರೆ ಆಗ ದೋಷ. ಕಂಡುಹಿಡಿದ ತಪ್ಪೆಲ್ಲ ವಿಮರ್ಶೆಗೆ ಸೇರಬೇಕಾಗಿಲ್ಲ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಹಂತ 6: ಪೂರ್ಣ ವಿಮರ್ಶೆ

ಪ್ರತಿ ಮಗು ಆಟ, ಪುಸ್ತಕ, ಸಿನಿಮಾ ಮೂರರಲ್ಲಿ ಒಂದನ್ನು ಆರಿಸಿ 250ರಿಂದ 300 ಪದದ ವಿಮರ್ಶೆ ಬರೆಯಬೇಕು. ಗೆರೆ ಹಾಳೆಯಲ್ಲಿ ಹೆಚ್ಚುಕಮ್ಮಿ ಎರಡು ಮಗ್ಗುಲು. ಮಾಹಿತಿ ಸಾಲು ಎಲ್ಲಕ್ಕಿಂತ ಮೇಲೆ. ಮೊದಲ ವಾಕ್ಯ ಕೃತಿಯೊಳಗಿನ ಒಂದು ಕ್ಷಣದಿಂದಲೇ ಶುರುವಾಗಲಿ: ಒಂದು ಪುಟ, ಒಂದು ಶಾಟ್, ಒಂದು ಸರದಿ. ಆಮೇಲೆ ಇದು ಏನು ಎಂಬ ನಾಲ್ಕೈದು ವಾಕ್ಯ. ಆಮೇಲೆ ಎರಡು ಅಭಿಪ್ರಾಯ, ಒಂದೊಂದಕ್ಕೆ 60–70 ಪದ, ಒಂದೊಂದಕ್ಕೂ ಕಡಿಮೆಯೆಂದರೆ ಎರಡು ಆಧಾರ. ಒಂದು ಕೊರತೆ. ಕಡೆಗೆ ಯಾರಿಗೆ ಹಿಡಿಸೀತು, ಯಾರಿಗೆ ಹಿಡಿಸಲಾರದು. "ಎಲ್ಲರೂ" ಎಂಬ ಪದಕ್ಕೆ ಅಲ್ಲಿ ಜಾಗವಿಲ್ಲ. "ತಮ್ಮತಂಗಿಯರಿಗೆ ಓದಿ ಹೇಳುವವರಿಗೆ", "ಸೋಲು ತಡೆಯಲಾರದವರಿಗೆ ಬೇಡ" ಎಂಬಂಥ ಮಾತು ಬರಲಿ.

ಚೀಟಿ, ಗುಂಪಿನ ಹಾಳೆ, ಶಾಟ್ ಎಣಿಕೆ ಇವನ್ನು ವಿಮರ್ಶೆಯ ಜೊತೆ ಪಿನ್ ಮಾಡಿಯೇ ಕೊಡಬೇಕು. ಇಂಟರ್‌ನೆಟ್ಟಿನಿಂದ ಎತ್ತಿದ್ದು, ಎಐಗೆ ಬರೆಸಿದ್ದು ಇದರಿಂದ ತಾನಾಗಿ ಬಯಲಾಗುತ್ತದೆ. ಚೀಟಿಯಲ್ಲಿ ಇಲ್ಲದ ಮಾತು ಹಾಳೆಯಲ್ಲಿ ಹೇಗೆ ಬಂತು ಎಂದು ಕೇಳಿದರೆ ಸಾಕು, ಗದರಿಸಬೇಕಾಗಿಲ್ಲ.

ಬರೆದ ಮೇಲೆ ಅದಲುಬದಲು. ಆ ಪುಸ್ತಕ ಓದಿಲ್ಲದ, ಆ ಚಿತ್ರ ನೋಡಿಲ್ಲದ ಗೆಳೆಯರ ಕೈಗೆ ಹಾಳೆ ಹೋಗಬೇಕು. ಅವರು ಪೆನ್ಸಿಲಿನಲ್ಲಿ ಎರಡೇ ಕೆಲಸ ಮಾಡಬೇಕು: ಕಣ್ಣಿಗೆ ಕಟ್ಟಿದ ಒಂದು ವಾಕ್ಯದ ಕೆಳಗೆ ಗೆರೆ, "ಎಲ್ಲಿ?" ಎಂದು ಕೇಳಬೇಕೆನಿಸಿದ ಕಡೆ ಪ್ರಶ್ನೆ ಚಿಹ್ನೆ. ಕಾಗುಣಿತ ತಿದ್ದುವುದು ಅವರ ಕೆಲಸವಲ್ಲ. ಹಾಗೆ ಬಿಟ್ಟರೆ ಮಕ್ಕಳು ಅದನ್ನೇ ಮಾಡುತ್ತ ಕೂರುತ್ತಾರೆ, ಯಾಕೆಂದರೆ ಅದು ಸುಲಭ.

ಹಂತ 7: ತಿದ್ದುವುದು, ಅಂಕ ಕೊಡುವುದು

ಒಂದು ಹಾಳೆಗೆ ನಾಲ್ಕು ನಿಮಿಷ ಎಂದರೂ 40ಕ್ಕೆ 160 ನಿಮಿಷ ಬೇಕು. ಒಂದೇ ದಿನ ಕೂತರೆ ಕೊನೆಯ ಹಾಳೆಗಳಿಗೆ ಅನ್ಯಾಯವಾಗುತ್ತದೆ. ದಿನಕ್ಕೆ ಹತ್ತರಂತೆ ನಾಲ್ಕು ದಿನ ಮಾಡಿ. ಮೊದಲ ಓದಿನಲ್ಲಿ ಕೆಂಪು ಪೆನ್ನು ಮುಟ್ಟಬೇಡಿ. ಮಹಾಪ್ರಾಣ ತಪ್ಪಿದ್ದು, 'ಹಾಲು' ಹೋಗಿ 'ಆಲು' ಆದದ್ದು ಈ ಸೀಮೆಯ ಮಕ್ಕಳ ಹಾಳೆಯಲ್ಲಿ ಬಂದೇ ಬರುತ್ತದೆ. ಅದನ್ನೇ ಮೊದಲು ಸುತ್ತು ಹಾಕಿದರೆ ಮಗು ಮುಂದಿನ ಸಲ ತಪ್ಪಿಲ್ಲದ ಪದಗಳನ್ನಷ್ಟೇ ಹುಡುಕಿ ಬರೆಯುತ್ತದೆ, ಅಂದರೆ ಮತ್ತೆ "ಚೆನ್ನಾಗಿದೆ"ಗೆ ಮರಳುತ್ತದೆ. ಮೊದಲು ಆಧಾರ ನೋಡಿ, ಒಂದು ಒಳ್ಳೆಯ ವಾಕ್ಯ ಮತ್ತು ಒಂದು ಪ್ರಶ್ನೆ ಬರೆದು ಕೊಡಿ. ಕಾಗುಣಿತ ಕೊನೆಯ ಪ್ರತಿಯಲ್ಲಿ ನೋಡಿದರಾಯಿತು. ಉಲ್ಲೇಖಿಸಿದ ಆಡುಮಾತನ್ನು ತಪ್ಪೆಂದು ತಿದ್ದಲೇಬೇಡಿ.

ಇದನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಬಳಸುವುದಾದರೆ 20 ಅಂಕವನ್ನು ಹೀಗೆ ಹಂಚಬಹುದು: ಆಧಾರಗಳಿಗೆ 8, ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಪರಿಚಯಿಸಿದ್ದಕ್ಕೆ 4, ಒಳಿತು-ಕೊರತೆ ಎರಡನ್ನೂ ನ್ಯಾಯವಾಗಿ ನೋಡಿದ್ದಕ್ಕೆ 4, ಭಾಷೆಗೆ 4. ಬೇಕಾದ ಗರಿಷ್ಠ ಅಂಕಕ್ಕೆ ಆಮೇಲೆ ಇಳಿಸಿಕೊಳ್ಳಿ. ನಿಮಗೆ ಇಷ್ಟವಾದ ಪುಸ್ತಕವನ್ನು ಮಗು ತೆಗಳಿತು ಎಂದು ಅಂಕ ಕಳೆಯಬೇಡಿ. ಮಕ್ಕಳು ಅದನ್ನು ತಕ್ಷಣ ಗುರುತಿಸುತ್ತಾರೆ, ಮುಂದಿನ ಸಲ ನಿಮಗೆ ಹಿಡಿಸುವುದನ್ನೇ ಬರೆಯುತ್ತಾರೆ. ಈ ಹಂತದಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ.

ಕೊನೆಯ ಪೀರಿಯಡ್ ಗಟ್ಟಿಯಾಗಿ ಓದುವುದಕ್ಕೆ. ಎಂಟು ಜನಕ್ಕೆ ಸಮಯ ಸಾಲುತ್ತದೆ. ಉಳಿದವರದನ್ನು ದಿನಕ್ಕೊಂದರಂತೆ ಬೆಳಗಿನ ಪ್ರಾರ್ಥನೆಯಲ್ಲಿ ಓದಿಸಿ. ಆಟ ಮತ್ತು ಸಿನಿಮಾದ ವಿಮರ್ಶೆಗಳು ಗೋಡೆ ಪತ್ರಿಕೆಗೆ ಹೋಗಲಿ. ಪುಸ್ತಕದ ವಿಮರ್ಶೆಯ ಶುದ್ಧಪ್ರತಿಯನ್ನು ಹಿಂದಿನ ರಟ್ಟಿನ ಒಳಮೈಗೆ ಮೇಲಂಚಿನಲ್ಲಷ್ಟೇ ಗೋಂದು ಹಚ್ಚಿ ಅಂಟಿಸಿ, ಅದೇ ಪುಸ್ತಕಕ್ಕೆ ಎರಡನೆಯ ವಿಮರ್ಶೆ ಬಂದರೆ ಅದರ ಮೇಲೆ ಅಂಟಿಸಬಹುದು. ಬೇರೆ ಗ್ರಂಥಾಲಯದ ಪುಸ್ತಕವಾದರೆ ಅಂಟಿಸುವ ಮೊದಲು ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ. ಹಾಳೆಯ ಕೆಳಗೆ ಮಗುವಿನ ಹೆಸರು, ತರಗತಿ, ತಾರೀಖು ಸಾಕು, ಊರು-ಫೋನ್ ನಂಬರ್ ಬೇಡ. ಮುಂದಿನ ವರ್ಷ ಅದೇ ಪುಸ್ತಕ ಕೈಗೆ ಬಂದವರಿಗೆ ಆ ಹಾಳೆಯನ್ನು ಓದು ಮುಗಿದ ಮೇಲೆ ತೆರೆಯಲು ಹೇಳಿ, ಒಪ್ಪದ ಜಾಗಕ್ಕೆ ಪುಟಸಂಖ್ಯೆ ಸಮೇತ ಉತ್ತರ ಬರೆಸಿ.